ನಾಲ್ಕನೆಯ ಮಾತಿಗೆ ಒನಕೆ ಬಿದ್ದದ್ದು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವ ಗಾದೆ ಕೆಳಸೀಮೆಯವರದು. ನಮ್ಮೂರಲ್ಲಿ ಆ ಗಾದೆಯ ಅರ್ಧ ಮಾತ್ರ ನಡೆಯುತ್ತದೆ. ಮುತ್ತು ಒಡೆದರೆ ಹೋಯಿತು, ಸರಿ. ಮಾತು ಎಲ್ಲಿ ಹೋಗುತ್ತದೆ? ಬಯಲಿನಲ್ಲಿ ಆಡಿದ ಮಾತು ಎದುರು ಬೆಟ್ಟಕ್ಕೆ ಹೋಗಿ, ಅಲ್ಲಿ ಒಂದು ದಿನ ತಂಗಿ, ಮರುದಿನ ಅದೇ ಹೊತ್ತಿಗೆ ವಾಪಸು ಬರುತ್ತದೆ. ಆಡಿದವರ ದನಿಯಲ್ಲೇ, ಆಡಿದಷ್ಟೇ ಜೋರಾಗಿ. ಸೂರಿನ ಕೆಳಗೆ ಆಡಿದ್ದು ಬರುವುದಿಲ್ಲ. ಬೆಟ್ಟ ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವುದೂ ಇಲ್ಲ. ಹಾಗಾಗಿ ನಮ್ಮಲ್ಲಿ ಅತ್ತೆಯನ್ನು ಬೈಯುವುದು ಅಡುಗೆಮನೆಯಲ್ಲಿ, ಕುರಿಯ ವ್ಯಾಪಾರ ಹಟ್ಟಿಯೊಳಗೆ. ಕೆಮ್ಮು ಹತ್ತಿದವನು ಕಂಬಳಿ ಮುಸುಕು ಹಾಕಿಕೊಂಡು ಕೆಮ್ಮುತ್ತಾನೆ. ನಮ್ಮ ದೊರೆಗಳಂತೂ ತಿಂಗಳಿಗೆ ನಾಲ್ಕು ಮಾತು ಹೊರಗೆ ಆಡಿದರೆ ಹೆಚ್ಚು.

ಆದರೆ ಕೊಡುವ ಮಾತನ್ನು ಮಾತ್ರ ಹೊರಗೇ ಕೊಡಬೇಕು. ಮದುವೆಯ ಒಪ್ಪಿಗೆಯಾಗಲಿ, ಹೊಲದ ಎಲ್ಲೆಯಾಗಲಿ, ಜಗಳದ ರಾಜಿಯಾಗಲಿ, ಚಾವಡಿಯ ಮುಂದಿನ ಹಾಸುಗಲ್ಲಿನ ಮೇಲೆ ನಿಂತು ಹೇಳಬೇಕು. ಮರುದಿನ ಅದೇ ಹೊತ್ತಿಗೆ ಬಂದು, ಬೆಟ್ಟದಿಂದ ತಿರುಗಿ ಬಂದದ್ದನ್ನು ಕೇಳಿಸಿಕೊಂಡು ‘ಹೂಂ’ ಅನ್ನಬೇಕು. ಆಗ ಮಾತು ಗಟ್ಟಿಯಾಯಿತು. ಬಾರದಿದ್ದರೆ, ಬಂದೂ ಹೂಂ ಅನ್ನದಿದ್ದರೆ, ಆ ಮಾತು ಆಡೇ ಇಲ್ಲ. ನನ್ನ ಮದುವೆಯ ಮರುದಿನ ಹೊನ್ನಯ್ಯನ ದನಿ ಬೆಟ್ಟದಿಂದ ಬಂದಾಗ, ತನ್ನ ದನಿಗೆ ತಾನೇ ಬೆಚ್ಚಿಬಿದ್ದು ಅವನು ಹೂಂ ಅನ್ನುವುದನ್ನೇ ಮರೆತ. ನಾನು ಪಕ್ಕೆಗೆ ತಿವಿದೆ. ಆಮೇಲೆ ಅಂದ.

ಇನ್ನೊಂದು ಪದ್ಧತಿಯಿದೆ. ಅದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಕಲಿಸುವುದಿಲ್ಲ. ಮನುಷ್ಯ ಅಂದಮೇಲೆ ಒಂದೊಂದು ಸಲ ಸೂರು ನೆನಪಿರುವುದಿಲ್ಲ. ಅಂಗಳದಲ್ಲಿ ಕೂತು ಅತ್ತುಬಿಡುತ್ತಾನೆ, ಸತ್ತವರ ಹೆಸರು ಕೂಗುತ್ತಾನೆ. ಮರುದಿನ ಆ ಹೊತ್ತಿಗೆ ಅಕ್ಕಪಕ್ಕದ ಹೆಂಗಸರು ಬರಿ ಒರಳು ಕುಟ್ಟಬಾರದೆಂದು ಒಂದು ಹಿಡಿ ನವಣೆ ಹಾಕಿಕೊಂಡು ಕುಟ್ಟತೊಡಗುತ್ತಾರೆ. ಆ ಮಾತು ಬಂದು ಹೋಗುವವರೆಗೆ ಒನಕೆ ನಿಲ್ಲುವುದಿಲ್ಲ. ನಿನ್ನದು ನಿನಗೇ ಇರಲಿ, ನಾವು ಕೇಳಲಿಲ್ಲ ಎಂದು ಅದರ ಅರ್ಥ.

ಆ ಒನಕೆಯ ಬೆಲೆ ನನಗೆ ತಿಳಿದದ್ದು ಹೊನ್ನಯ್ಯ ಹೋದಾಗ. ಅವನದು ತಟ್ಟುಕುದುರೆಗಳ ಮೇಲೆ ಹೇರು ಹೊಡೆಯುವ ಕೆಲಸ. ಸಮುದ್ರದಂಡೆಯಲ್ಲಿ ಕೋಟೆ ಕಟ್ಟಿಕೊಂಡು ವ್ಯಾಪಾರ ಮಾಡುವ ಹಡಗಿನವರು ಕಣಿವೆ ದಾರಿ ತಮಗೆ ಬೇಕೆಂದು ತಂಟೆ ತೆಗೆದ ವರ್ಷ, ಅಲ್ಲಿ ಕಾದಾಡುತ್ತಿದ್ದವರಿಗೆ ಬುತ್ತಿ ಸಾಗಿಸುತ್ತೇನೆಂದು ಹೊರಟ. ನಾನು ಬೇಡವೆಂದೆ. ಅವನು ಕೇಳಲಿಲ್ಲ. ನನ್ನ ಬಾಯಿ ಗೊತ್ತಲ್ಲ, ಅಂಗಳದಲ್ಲೇ ಹರಿಯಬಿಟ್ಟೆ: “ಹೋಗ್ತೀಯಾ? ಹೋಗು! ಇನ್ನೊಂದ್ಸಲ ನಿನ್ ಮುಖ ತೋರಿಸ್ಬೇಡ ನಂಗೆ!” ಅವನು ತಿರುಗಿ ನೋಡದೆ ಹೋದ. ಮರುದಿನ ಬೆಳಿಗ್ಗೆ ಆ ಹೊತ್ತು ಹತ್ತಿರವಾದಂತೆ ನಾನು ಒಳಗೂ ಹೊರಗೂ ಓಡಾಡಿದೆ. ಅಷ್ಟರಲ್ಲಿ ಪಕ್ಕದ ಮನೆಯ ಸಂಕವ್ವನ ಒನಕೆ ಶುರುವಾಯಿತು. ಧಬ್, ಧಬ್, ಧಬ್. ಕಾಲು ಗಳಿಗೆ ಕುಟ್ಟಿದಳು ಮುದುಕಿ. ಆಮೇಲೆ ಆ ನವಣೆಯಲ್ಲೇ ಗಂಜಿ ಮಾಡಿ ತಂದುಕೊಟ್ಟಳು.

ಅದೇ ವಾರ ಹಡಗಿನವರು ಹೊನ್ನಯ್ಯನನ್ನೂ ಸೇರಿಸಿ ನಮ್ಮ ಇಪ್ಪತ್ತಮೂರು ಜನರನ್ನು ಹಿಡಿದು ಕೋಟೆಗೆ ಒಯ್ದರು. ಎರಡು ವರ್ಷವಾಯಿತು. ನಾನು ಚಾವಡಿಗೆ ಬಂದುಹೋಗುವವರಿಗೆ ಧಾನ್ಯ ಕುಟ್ಟುವ ಕೆಲಸಕ್ಕೆ ಸೇರಿಕೊಂಡೆ. ಊರಿನ ಯಾರ ಸಂಕಟ ಬೆಟ್ಟದಿಂದ ಬಂದರೂ ಮೊದಲು ಏಳುವುದು ಬೊಮ್ಮವ್ವನ ಒನಕೆ ಎಂದು ಹೆಸರಾಯಿತು. ನನ್ನ ‘ಹೋಗು’ ಮಾತ್ರ ಎದೆಯೊಳಗೇ ಉಳಿದಿತ್ತು. ಅದಕ್ಕೆ ಯಾವ ಒನಕೆಯೂ ಇರಲಿಲ್ಲ.

ಮೂರನೆಯ ವರ್ಷ ಎರಡು ಕಡೆಯವರಿಗೂ ಸಾಕಾಯಿತು. ನಮಗೆ ಉಪ್ಪಿಲ್ಲ, ಅವರಿಗೆ ದಾರಿಯಿಲ್ಲ. ಒಪ್ಪಂದ ಮಾಡಿಕೊಳ್ಳಲು ಹಡಗಿನವರ ಕಡೆಯಿಂದ ಒಬ್ಬ ಸಾಹೇಬರು, ನಾಗೋಜಿ ಎಂಬ ದುಭಾಷಿ, ಹನ್ನೆರಡು ಸಿಪಾಯಿಗಳು ಬೆಟ್ಟ ಹತ್ತಿ ಬಂದರು. ಸಾಹೇಬರ ಹೆಸರು ನಮ್ಮ ನಾಲಿಗೆಗೆ ಹತ್ತಲಿಲ್ಲ, ಸಾಹೇಬರು ಎಂದೇ ಕರೆದೆವು. ಬಂದ ದಿನ ಸಿಪಾಯಿಗಳು ಏದುಸಿರು ಬಿಡುತ್ತಾ ನಮ್ಮ ಬೆಟ್ಟವನ್ನೂ ನಮ್ಮನ್ನೂ ತಮ್ಮ ಸಾಹೇಬರನ್ನೂ ಬಾಯಿಗೆ ಬಂದಂತೆ ಬೈದಿದ್ದರು. ಮರುದಿನ ಅಷ್ಟೂ ವಾಪಸು ಬಂತು. ಸಾಹೇಬರು ಊಟ ಮಾಡುತ್ತಿದ್ದವರು ತುತ್ತು ಹಿಡಿದುಕೊಂಡೇ ಕೇಳಿದರು. ಸಿಪಾಯಿಗಳ ಮುಖ ನೋಡಬೇಕಿತ್ತು. ಅಂದಿನಿಂದ ಅವರು ಸನ್ನೆಯಲ್ಲೇ ನೀರು ಕೇಳತೊಡಗಿದರು.

ಒಪ್ಪಂದದ ಮಾತುಕತೆ ಚಾವಡಿಯೊಳಗೆ ನಡೆಯಿತು. ನಮ್ಮ ಕಡೆಯಿಂದ ದೊರೆಗಳ ಪರವಾಗಿ ಜಕ್ಕಪ್ಪ ಹೆಗ್ಗಡೆಯವರು ಕೂತಿದ್ದರು. ಪ್ರತಿದಿನ ಮಾತು ಮುಗಿದ ಮೇಲೆ, ಚಾವಡಿಯ ನೆರಳು ಹಾಸುಗಲ್ಲನ್ನು ಮುಟ್ಟುವ ಹೊತ್ತಿಗೆ, ಸಾಹೇಬರು ಒಬ್ಬರೇ ಬಯಲಿನ ಅಂಚಿಗೆ ಹೋಗುತ್ತಿದ್ದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ತಮ್ಮ ಭಾಷೆಯಲ್ಲಿ ಬೆಟ್ಟಕ್ಕೆ ಏನೋ ಹೇಳುತ್ತಿದ್ದರು. ಮರುದಿನ ಅದು ಬರುವ ಹೊತ್ತಿಗೆ ಮತ್ತೆ ಅಲ್ಲಿ ಹಾಜರು. ಭಾಷೆ ನನಗೆ ಬಾರದು. ಆದರೆ ಗಂಟಲು ಕಟ್ಟಿದ ದನಿ ಯಾವ ಭಾಷೆಯದಾದರೇನು? ನನ್ನ ಒರಳು ಬಯಲಿನ ಮಗ್ಗುಲಲ್ಲೇ ಇತ್ತು. ಒಂದು ಹಿಡಿ ನವಣೆ ಹಾಕಿದೆ, ಕುಟ್ಟಿದೆ.

ಮೂರನೆಯ ದಿನ ನಾಗೋಜಿ ಸಿಡಿಮಿಡಿಗೊಂಡು ಬಂದ. “ಏನಮ್ಮಾ, ನಮ್ಮ ಸಾಹೇಬರನ್ನ ಗೇಲಿ ಮಾಡ್ತಿದೀಯಾ? ಅವರ ಮಾತು ಬಂದ ತಕ್ಷಣ ಧಬಧಬ ಅಂತ ಶುರು ಹಚ್ಚಿಕೊಳ್ತೀಯಲ್ಲ?”

“ನವಣೆ ಕುಟ್ತಿದೀನಿ ಸ್ವಾಮಿ. ರಾತ್ರಿಗೆ ನಿಮ್ಗೇ ಊಟಕ್ಕೆ,” ಅಂದೆ.

“ಸಾಹೇಬರು ಕೋಪ ಮಾಡ್ಕೊಂಡಿದಾರೆ.”

“ಹಸಿವಾದಾಗ ಕೋಪ ಇಳಿಯುತ್ತೆ ಬಿಡಿ.”

ನಿಜ ಹೇಳಬಹುದಿತ್ತು. ಆದರೆ ಕೇಳಿಸಿಕೊಳ್ಳಲಿಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಕೇಳಿಸಿತು ಎಂದೇ ಆಯಿತಲ್ಲ? ನಾಗೋಜಿ ಗೊಣಗುತ್ತಾ ಹೋದ. ಮರುದಿನವೂ ಕುಟ್ಟಿದೆ.

ಎಂಟು ದಿನಕ್ಕೆ ಐದು ಮಾತುಗಳು ತೀರ್ಮಾನವಾದವು. ದಾರಿ ವರ್ಷದಲ್ಲಿ ಆರು ತಿಂಗಳು ಹಡಗಿನವರ ಹೇರೆತ್ತುಗಳಿಗೆ ತೆರೆದಿರಬೇಕು, ನಮಗೆ ಉಪ್ಪು ತಡೆಯಿಲ್ಲದೆ ಬರಬೇಕು, ಹೊಳೆಯಿಂದ ಈಚೆಗೆ ಅವರ ಬಂದೂಕು ದಾಟಬಾರದು. ನಾಲ್ಕನೆಯದು ಕೋಟೆಯಲ್ಲಿರುವ ನಮ್ಮ ಇಪ್ಪತ್ತಮೂರು ಜನರನ್ನು ಬಿಡುವುದು. ಐದನೆಯದಕ್ಕೆ, ಬೆಟ್ಟದ ಮೇಲೆ ಅವರು ಮನೆ ಕಟ್ಟುವಂತಿಲ್ಲ. ಕಾಗದಕ್ಕೆ ರುಜು ಹಾಕಿ ಹೊರಟುಬಿಡೋಣ ಎಂದು ನಾಗೋಜಿ ಅವಸರ ಮಾಡಿದ. ಹೆಗ್ಗಡೆಯವರು ನಕ್ಕರು. “ಕಾಗದಕ್ಕೆ ಬಾಯಿಲ್ಲಪ್ಪಾ. ಕಲ್ಲಿನ ಮೇಲೆ ನಿಂತು ಓದ್ರಿ. ನಾಳೆ ಕೇಳೋಣ, ಹೂಂ ಅನ್ನೋಣ. ಆಮೇಲೆ ನಿಮ್ ಕಾಗದಕ್ಕೂ ಮುದ್ರೆ ಒತ್ತೋಣ.”

ಬೆಳಿಗ್ಗೆ ಓದಬೇಕಿತ್ತು. ಆದರೆ ಮಂಜು ಕವಿದರೆ ಬೆಟ್ಟಕ್ಕೆ ಕಿವಿ ಮಂದ, ಆವತ್ತು ಮಂಜು ಹೊತ್ತು ಇಳಿಯುವವರೆಗೂ ಸರಿಯಲಿಲ್ಲ. ಸಾಹೇಬರು ಕಲ್ಲು ಹತ್ತಿದಾಗ ಚಾವಡಿಯ ನೆರಳು ಹತ್ತಿರ ಬಂದಿತ್ತು. ಊರಿಗೆ ಊರೇ ನೆರೆದಿತ್ತು. ಅವರು ಒಂದೊಂದೇ ಮಾತು ಓದುವುದು, ನಾಗೋಜಿ ಅದನ್ನು ನಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಹೇಳುವುದು. ನಾನು ಒರಳಿನ ಪಕ್ಕದಲ್ಲಿ ನಿಂತು ನಾಲ್ಕನೆಯದಕ್ಕೆ ಕಾಯುತ್ತಿದ್ದೆ. ಮೂರು ಮುಗಿಯಿತು. ನೆರಳು ಕಲ್ಲನ್ನು ಮುಟ್ಟಿತು. ಸಾಹೇಬರು ನಾಲ್ಕನೆಯದಕ್ಕೆ ಬಾಯಿ ತೆರೆದರು, ಬೆಟ್ಟದಿಂದ ಅವರದೇ ನಿನ್ನೆಯ ಮಾತು ಬಂತು.

ಅಷ್ಟು ಜನರ ಮುಂದೆ, ತಮ್ಮ ಸಿಪಾಯಿಗಳ ಮುಂದೆ, ಆ ದನಿ. ಅವರ ಮುಖ ಸುಣ್ಣವಾಯಿತು. ಆದರೂ ಓದುವುದನ್ನು ನಿಲ್ಲಿಸಲಿಲ್ಲ. ನಾಗೋಜಿಯೂ ಹೇಳುತ್ತಲೇ ಇದ್ದ. ನಾನೇನು ಮಾಡಿದೆನೋ ನನಗೇ ತಿಳಿಯಲಿಲ್ಲ. ಬುದ್ಧಿಗಿಂತ ಮುಂಚೆ ಕೈ ಒನಕೆ ಹಿಡಿದಿತ್ತು. ಧಬ್, ಧಬ್, ಧಬ್. ಬೆಟ್ಟ ಸುಮ್ಮನಾದ ಮೇಲೆ ಒನಕೆ ಕೆಳಗಿಟ್ಟೆ. ಅಷ್ಟರಲ್ಲಿ ಅವರು ಐದನೆಯದನ್ನು ಶುರುಮಾಡಿದ್ದರು.

ಸಂಕವ್ವ ನನ್ನ ರಟ್ಟೆ ಹಿಡಿದುಕೊಂಡು ಚಾವಡಿಯೊಳಕ್ಕೆ ಎಳೆದಳು. “ಅಯ್ಯೋ ನನ್ ಕೂಸೇ, ಏನ್ ಮಾಡ್ದೆ! ನಾಳೆ ಬೆಟ್ಟ ಏನ್ ಹೇಳುತ್ತೆ? ನಿನ್ ಒನಕೆ ಸದ್ದೂ ಅದಕ್ಕೆ ಕೇಳಿರುತ್ತಲ್ಲೇ!”

ನಾನು ಹಣೆ ಚಚ್ಚಿಕೊಂಡೆ. ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ ಆ ಒಂದು ಕ್ಷಣಕ್ಕೆ ಎಲ್ಲಿ ಹೋಗಿತ್ತೋ! ಪರರ ಮಾನ ಕಾಯಲು ಹೋಗಿ ನನ್ನ ಗಂಡನ ದಾರಿಗೆ ನಾನೇ ಕಲ್ಲು ಹಾಕಿದ್ದೆ. ಮರುದಿನದವರೆಗೆ ಅನ್ನ ಇಳಿಯಲಿಲ್ಲ. ಒನಕೆಯ ಸದ್ದಿನ ಜೊತೆಗೆ ಮಾತೂ ಒಂಚೂರು ಕೇಳಿಸಿದರೆ ಸಾಕು, ‘ಇಪ್ಪತ್ತಮೂರು’ ಅನ್ನುವುದೊಂದು ಕೇಳಿಸಿದರೂ ಸಾಕು ಎಂದು ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಮರುದಿನ ಎಲ್ಲರೂ ಕಲ್ಲಿನ ಸುತ್ತ ಕೂತರು. ಮೊದಲನೆಯ ಮಾತು ಬಂತು, ಹೆಗ್ಗಡೆಯವರು ಹೂಂ ಅಂದರು, ಸಾಹೇಬರೂ ಅಂದರು. ಎರಡನೆಯದು, ಹೂಂ. ಮೂರನೆಯದು, ಹೂಂ. ನಾಲ್ಕನೆಯದು ಧಬ್, ಧಬ್, ಧಬ್. ಅದರಡಿಯಲ್ಲಿ ಯಾರೋ ಏನೋ ಅಂದಂತೆ ಕೇಳಿಸಿತು, ಯಾರು, ಏನು, ದೇವರೇ ಬಲ್ಲ. ಐದನೆಯದು ಸ್ಪಷ್ಟವಾಗಿ ಬಂತು.

ಎಲ್ಲರ ಕಣ್ಣೂ ನನ್ನ ಮೇಲೆ. ಹೆಗ್ಗಡೆಯವರು ತಲೆಯ ಮೇಲೆ ಕೈಹೊತ್ತು, “ಬೊಮ್ಮವ್ವಾ, ನಿನ್ ಕೈಗೆ ಏನ್ ಬಂದಿತ್ತು ನಿನ್ನೆ?” ಎಂದು ಗದರಿದರು. ಗದರುವಾಗಲೇ ಅವರ ದನಿ ಒಡೆಯಿತು, ಆ ಇಪ್ಪತ್ತಮೂರು ಜನರಲ್ಲಿ ಅವರ ತಮ್ಮನೂ ಇದ್ದ. “ತಿರುಗಿ ಬಾರದ ಮಾತಿಗೆ ಹೂಂ ಅನ್ನೋದು ಹೆಂಗೆ? ನನ್ ತಮ್ಮ ಅಂತ ಪದ್ಧತಿ ಮುರೀಲಾ?”

ನಾಗೋಜಿಗೆ ಒಳಗೊಳಗೇ ಹಿಗ್ಗು. ಸಾಹೇಬರ ಕಿವಿಯ ಹತ್ತಿರ ಬಗ್ಗಿ ಅವರ ಭಾಷೆಯಲ್ಲಿ ಹೇಳಿ, ತನ್ನ ಜಾಣತನ ನಮಗೂ ಗೊತ್ತಾಗಲೆಂದೋ ಏನೋ, ಅದನ್ನೇ ನಮ್ಮ ಭಾಷೆಯಲ್ಲೂ ಅಂದ: “ಇವರ ಪದ್ಧತಿಯಿಂದಲೇ ನಾಲ್ಕನೆಯದು ಬಿದ್ದುಹೋಯ್ತು ಸ್ವಾಮಿ. ನಮ್ಮದೇನೂ ತಪ್ಪಿಲ್ಲ. ಕೋಟೆಯವರಿಗೂ ಬಿಡೋಕೆ ಮನಸ್ಸಿರಲಿಲ್ಲ. ನಾಲ್ಕೇ ಮಾತಿಗೆ ಮುದ್ರೆ ಒತ್ತಿಸ್ಕೊಂಡು ಹೋಗೋಣ.”

ಸಾಹೇಬರು ಅವನನ್ನು ಕೈಯಿಂದ ಸರಿಸಿ ಎದ್ದರು. ನೆಟ್ಟಗೆ ನನ್ನ ಒರಳಿನ ಹತ್ತಿರ ಬಂದರು. ಎಂಟು ದಿನಗಳ ಕೋಪ ಮುಖದಲ್ಲಿತ್ತು. ಏನೋ ಕೇಳಿದರು. ನಾಗೋಜಿ ಹೇಳಿದ: “ನನ್ನ ಮೇಲೆ ನಿನಗೇನು ಹಗೆ, ದಿನಾ ನನ್ನ ಮಾತಿಗೆ ಯಾಕೆ ಕುಟ್ಟುತ್ತೀ ಅಂತ ಕೇಳ್ತಿದಾರೆ.”

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? “ಸಾಹೇಬ್ರೇ, ನೀವ್ ಅಂದಿದ್ದೇನು ಅಂತ ನಂಗೊತ್ತಿಲ್ಲ,” ಅಂದೆ. “ನಿಮ್ ಭಾಷೆ ಬಾರ್ದು. ಆದ್ರೆ ಆ ದನಿ ಗೊತ್ತಾಗುತ್ತೆ. ಅಂಥಾ ಮಾತು ಹತ್ತು ಜನ ಕೇಳೋದಲ್ಲ. ನಮ್ಮಲ್ಲಿ ಯಾರಿಗೇ ಆಗ್ಲಿ ಹಿಂಗೇ ಮಾಡ್ತೀವಿ. ನಂಗೂ ಒಂದ್ಸಲ ಮಾಡಿದ್ರು. ನಿನ್ನೆ ನಿಮ್ ಸಿಪಾಯಿಗಳೆಲ್ಲ ಇದ್ರಲ್ಲ, ನೀವ್ ಕಲ್ ಮೇಲೆ ನಿಂತಿದ್ರಲ್ಲ, ಕೈ ತಡೀಲಿಲ್ಲ.”

ನಾಗೋಜಿ ಇದನ್ನು ಹೇಳುತ್ತಾ ಹೇಳುತ್ತಾ ದನಿ ಇಳಿಸಿದ. ಸಾಹೇಬರು ಒರಳನ್ನೇ ನೋಡುತ್ತಾ ನಿಂತರು. ಬಗ್ಗಿ, ಅದರಲ್ಲಿದ್ದ ನುಚ್ಚಾದ ನವಣೆಯನ್ನು ಬೆರಳಲ್ಲಿ ಮುಟ್ಟಿದರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು.

“ಕೋಟೆಯಲ್ಲಿ ನಿನ್ನವರು ಯಾರಾದ್ರೂ ಇದಾರಾ ಅಂತ.”

“ನನ್ ಗಂಡ,” ಅಂದೆ. “ಹೊನ್ನಯ್ಯ.” ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಒತ್ತರಿಸಿಕೊಂಡು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ.

ಸಾಹೇಬರು ತಿರುಗಿ ಹಾಸುಗಲ್ಲು ಹತ್ತಿದರು. ನಾಗೋಜಿಯನ್ನು ಪಕ್ಕಕ್ಕೆ ಕರೆದು, ಈ ಸಲ ನೀನು ಹೇಳುವುದು ಬೇಡ, ನನಗೆ ಹೇಳಿಕೊಡು ಎಂದರಂತೆ. ಅವನು ಪಿಸುಗುಟ್ಟಿದ್ದನ್ನು ಒಂದೊಂದೇ ಪದ ಹೆಕ್ಕಿಕೊಂಡು, ನಮ್ಮ ಭಾಷೆಯಲ್ಲಿ ತಾವೇ ಹೇಳಿದರು: “ಇಪ್ಪತ್ತು. ಮೂರು. ಜನ. ಕೋಟೆಯಿಂದ ಬಿಡ್ತೇನೆ. ಹೊಳೆಯವರೆಗೆ ತಂದು ಬಿಡ್ತೇನೆ.” ನನ್ನ ಕಡೆ ತಿರುಗಿ, ಯಾರೂ ಹೇಳಿಕೊಡದೆ ಸೇರಿಸಿದರು: “ಹೊನ್ನಯ್ಯ.” ಆಮೇಲೆ ಕಲ್ಲಿನಿಂದ ಇಳಿದು, ಕಟ್ಟಿದ್ದ ಗಂಟುಮೂಟೆ ಬಿಚ್ಚಿರೆಂದು ಸಿಪಾಯಿಗಳಿಗೆ ಸನ್ನೆ ಮಾಡಿದರು. ಇನ್ನೊಂದು ದಿನ ಇರುವುದಾಯಿತು.

ಮರುದಿನ ನಾನು ನನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೇ ಕೂತೆ. ಅದೂ ಸಾಲದೆಂದು ಸಂಕವ್ವ ನನ್ನ ಒನಕೆಯನ್ನು ತನ್ನ ಮನೆಗೆ ಒಯ್ದು ಅಟ್ಟದ ಮೇಲೆ ಹಾಕಿ ಬಂದಿದ್ದಳು. ಮೊದಲು ಹಿಂದಿನ ದಿನದ ರಾದ್ಧಾಂತವೆಲ್ಲ ಬಂತು. ಹೆಗ್ಗಡೆಯವರು ನನ್ನನ್ನು ಗದರಿದ್ದು ಬಂದಾಗ ಅವರು ನೆಲ ನೋಡಿದರು. ನಾಗೋಜಿಯ ಜಾಣತನ ಬಂದಾಗ ಊರೆಲ್ಲ ನಾಗೋಜಿಯನ್ನು ನೋಡಿತು. ಕೊನೆಗೆ ಆ ಮುರುಕು ಮಾತು ಬೆಟ್ಟದಿಂದ ಬಂತು. ಇಪ್ಪತ್ತು. ಮೂರು. ಜನ. ಅಷ್ಟು ಸೊಗಸಾದ ಕನ್ನಡವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸಾಹೇಬರು “ಹೂಂ” ಅಂದರು. ಹೆಗ್ಗಡೆಯವರು “ಹೂಂ” ಅಂದರು. ಅನ್ನಬೇಕಾದವರು ಅವರಿಬ್ಬರೇ, ಆದರೆ ಇಡೀ ಬಯಲು ಹೂಂಗುಟ್ಟಿತು.

ಹೊರಡುವ ಮುಂಚೆ ನಾಗೋಜಿ ಚಾವಡಿಯೊಳಗೆ ನನ್ನ ಹತ್ತಿರ ಬಂದ. ಪಾಪ, ಕೆಟ್ಟವನಲ್ಲ, ಕೆಲಸ ಅಂಥದ್ದು. “ತಪ್ಪು ತಿಳ್ಕೊಂಡಿದ್ದೆ ತಾಯೀ,” ಅಂದ. “ಸಾಹೇಬರು ದಿನಾ ಬೆಟ್ಟಕ್ಕೆ ಏನ್ ಹೇಳ್ತಿದ್ರು ಗೊತ್ತಾ? ಅವರಿಗೆ ಊರಲ್ಲಿ ಒಬ್ಬಳು...”

ನಾನು ಎದ್ದು, ಸಂಕವ್ವ ಆಗಷ್ಟೇ ಮರಳಿ ತಂದಿಟ್ಟಿದ್ದ ಒನಕೆ ಎತ್ತಿಕೊಂಡೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ, ಆಮೇಲೆ ನಕ್ಕು, ಕೈಮುಗಿದು ಹೋದ. ಆ ಮಾತು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಒಂದೂವರೆ ತಿಂಗಳು ಕಳೆಯಿತು. ಕುರಿಗಳನ್ನು ಹೊರಗೆ ಬಿಡುವ ಹೊತ್ತಿನಲ್ಲಿ ನಾನು ಅಂಗಳ ಗುಡಿಸುತ್ತಿದ್ದೆ. ಬೇಲಿಯ ಆಚೆ ಯಾರೋ ನಿಂತಂತಾಯಿತು. ಗಡ್ಡ ಬಿಟ್ಟಿದ್ದ, ಬಡಕಲಾಗಿದ್ದ, ಯಾರದೋ ಅಂಗಿ ತೊಟ್ಟಿದ್ದ. ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ, ಮುಖ ತೋರಿಸಬೇಡ ಅಂದಿದ್ದೆನಲ್ಲ. ಪೊರಕೆ ಎಲ್ಲಿ ಬಿತ್ತೋ, ನಾನು ಎಲ್ಲಿ ಓಡಿದೆನೋ. ಏನೇನೋ ಅಂದೆ. ಏನಂದೆ ಎಂದು ಕೇಳಿದರೆ ನನಗೇ ನೆನಪಿಲ್ಲ. ಸೂರು ನೆನಪಿರಲಿಲ್ಲ, ಬೆಟ್ಟ ನೆನಪಿರಲಿಲ್ಲ.

ಮರುದಿನ ಆ ಹೊತ್ತಿಗೆ ಇಬ್ಬರೂ ಅಂಗಳದಲ್ಲಿ ಕೂತಿದ್ದೆವು. ಸಂಕವ್ವನ ಮನೆಯಿಂದ ಧಬ್ ಎಂದಿತು. ಎದುರು ಮನೆಯಿಂದ ಧಬ್. ಕೆಳಗೇರಿ, ಮೇಲ್ಗೇರಿ, ಚಾವಡಿಯ ಹಿಂದೆ, ಹೆಗ್ಗಡೆಯವರ ಹಟ್ಟಿಯಲ್ಲಿ, ಊರಿನ ಒಂದು ಒರಳೂ ಬಿಡುವಾಗಿ ಉಳಿಯಲಿಲ್ಲ.

ಹೊನ್ನಯ್ಯ ಕಣ್ಣರಳಿಸಿದ. “ಏನೇ, ಹಬ್ಬವೇನೇ ಇವತ್ತು?”

ಅವನಿಗೇನು ಗೊತ್ತು. ನನಗಾಗಿ ಕುಟ್ಟುತ್ತಿದ್ದರು, ಅವನಿಲ್ಲದ ವರ್ಷಗಳಲ್ಲಿ ನಾನು ಊರಿಗೆಲ್ಲ ಕುಟ್ಟಿದ್ದಕ್ಕೆ. ಕಣ್ಣು ತುಂಬಿ ಬಂತು. ಆ ತಕ್ಷಣವೇ ಇನ್ನೊಂದು ಹೊಳೆಯಿತು. ಈ ಮಾತೂ ಒನಕೆಯಡಿ ಹೋದರೆ? ಅವತ್ತಿನ ‘ಹೋಗು’ ಅನ್ನುವುದಕ್ಕೆ ಇವತ್ತು ಉತ್ತರ ಬರುವುದಿದೆ. ಅವನು ಕೇಳಬೇಕು, ಹೂಂ ಅನ್ನಬೇಕು, ಗಟ್ಟಿಯಾಗಬೇಕು. ಸೆರಗು ಸಿಕ್ಕಿಸಿಕೊಂಡು ಬೀದಿಗೆ ಓಡಿ ಗಂಟಲು ಹರಿಯುವಂತೆ ಕೂಗಿದೆ: “ನಿಲ್ಸ್ರೇ! ನಿಲ್ಸ್ರೇ ನಿಮ್ ಒನಕೆಗಳ್ನ! ಇದು ಕೇಳೋ ಮಾತು ಕಣ್ರೇ! ಎಲ್ರೂ ಕೇಳ್ರೀ!”

ಒಂದೊಂದಾಗಿ ಒನಕೆಗಳು ನಿಂತವು. ಊರು ಉಸಿರು ಹಿಡಿಯಿತು. ಬೆಟ್ಟದಿಂದ ನನ್ನ ದನಿ ಬಂತು, ಅರ್ಧ ಅಳು, ಅರ್ಧ ಕೂಗು: “ಬಂದ್ಯಾ! ಬಂದ್ಯೇನೋ ನನ್ನಪ್ಪಾ! ಅವತ್ತು ಹೋಗು ಅಂದಿದ್ದು ನನ್ ಹಾಳು ಬಾಯಿ, ನಾನಲ್ಲ ಕಣೋ. ಒಳಗ್ ಬಾ. ಇನ್ನು ಎಲ್ಲಿಗ್ ಹೋದ್ರೂ ನನ್ ಕರ್ಕೊಂಡೇ ಹೋಗು.”

ಹೊನ್ನಯ್ಯ ಅಂಗಳದಲ್ಲೇ ಎದ್ದು ನಿಂತು ಬೆಟ್ಟವನ್ನು ನೋಡಿದ, ನನ್ನನ್ನು ನೋಡಿದ. “ಹೂಂ,” ಅಂದ. ಈ ಸಲ ತಿವಿಯಬೇಕಾಗಲಿಲ್ಲ.

ಮಾರನೆಯ ದಿನ ಬೆಟ್ಟ ಮೊದಲು ‘ನಿಲ್ಸ್ರೇ ನಿಮ್ ಒನಕೆಗಳ್ನ’ ಎಂದು ಕಿರುಚಿ ಊರನ್ನೆಲ್ಲ ನಗಿಸಿತು. ಅದರ ಹಿಂದೆಯೇ ಅವನ ಹೂಂ ಬಂತು. ಬಂದ ಮಾತಿಗೆ ಸುಮ್ಮನಿರುವುದು ಹೇಗೆ? ನಾನೂ ಹೂಂ ಅಂದೆ. ಅದರ ಮರುದಿನ ನನ್ನ ಹೂಂ ಬಂತು, ಅವನು ಹೂಂ ಅಂದ. ಹಾಗೆ ಶುರುವಾದದ್ದು ಇಪ್ಪತ್ತೆಂಟು ವರ್ಷವಾದರೂ ನಿಂತಿಲ್ಲ. ಕಣಿವೆಯಲ್ಲಿ ಹೇರೆತ್ತುಗಳು ಬಂದುಹೋಗುತ್ತಿವೆ, ಮನೆಯಲ್ಲಿ ಉಪ್ಪಿದೆ. ಒಂದು ದಿನ ಅವನ ಸರದಿ, ಒಂದು ದಿನ ನನ್ನದು. ಜಗಳವಾಡಿಕೊಂಡ ದಿನವೂ ಕುರಿ ಬಿಡುವ ಹೊತ್ತಿಗೆ ಇಬ್ಬರೂ ಮುಖ ಊದಿಸಿಕೊಂಡು ಅಂಗಳಕ್ಕೆ ಬಂದೇ ಬರುತ್ತೇವೆ. ಈಗ ಅವನಿಗೆ ಕಿವಿ ಮಂದ. ಇವತ್ತು ಅವನ ಸರದಿ. ಬೆಟ್ಟದಿಂದ ನನ್ನ ನಿನ್ನೆಯ ಹೂಂ ಬಂದಾಗ ಅವನು ಬಿಸಿಲಿಗೆ ತೂಕಡಿಸುತ್ತಿದ್ದ. ಪಕ್ಕೆಗೆ ತಿವಿದೆ.

“ಹೂಂ,” ಅಂದ.